ಗೋಡೆ ಮೇಲೆ ಹತ್ತು ಫೋಟೋ, ಉಳಿದವರು ಎಲ್ಲಿ?

ದಾವಣಗೆರೆ_ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ಪಿಯುಸಿ ಮುಗಿಸಿದ್ದಾಳೆ. ಸೈನ್ಸ್, 81 ಪರ್ಸೆಂಟ್. ಎಂಜಿನಿಯರಿಂಗ್ ಬೇಡ, ಆನಿಮೇಷನ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಹೋದ ವಾರ ಬೆಂಗಳೂರಿಗೆ ಹೋಗಿ ಒಂದು ಕಾಲೇಜು ನೋಡಿಕೊಂಡು ಬಂದೆವು. ಮೂರು ವರ್ಷಕ್ಕೆ ಏಳು ಲಕ್ಷ, ಹಾಸ್ಟೆಲ್ ಬೇರೆ. ಒಳಗೆ ಕಾಲಿಟ್ಟ ಕೂಡಲೇ ಗೋಡೆ ತುಂಬಾ ಫೋಟೋ. ಇವನು ಹಾಲಿವುಡ್ ಸಿನಿಮಾಕ್ಕೆ ಕೆಲಸ ಮಾಡಿದ, ಇವಳು ಕೆನಡಾದಲ್ಲಿದ್ದಾಳೆ ಅಂತ. ಎಲ್ಲಕ್ಕಿಂತ ಮೇಲೆ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ' ನಿರ್ದೇಶಿಸಿದ ಜಾನ್ ಲ್ಯಾಸೆಟರ್. 'ಇವರೂ ಆನಿಮೇಷನ್ ಸ್ಕೂಲಲ್ಲಿ ಓದಿದವರೇ ಸರ್' ಅಂದರು ಅಲ್ಲಿನ ಮೇಡಂ.

ನಾನು ಅಕ್ಕಿ ವ್ಯಾಪಾರಿ. ಚೀಲದ ಬಾಯಲ್ಲಿ ಒಳ್ಳೆ ಕಾಳು ಇಟ್ಟು ತೋರಿಸೋದು ನಮಗೆ ಹೊಸದಲ್ಲ. ನಡುವೆ ಕೊಳವೆ ಚುಚ್ಚಿ ತೆಗೆದರೆ ಯಾವ ಅಕ್ಕಿ ಬರುತ್ತೆ ಅಂತ ಈ ಕೆಲಸದಲ್ಲಿ ಇರುವವರು ಹೇಳಿ.

ಎ113_ಅಭಿಮಾನಿ:
ಸರ್, ಲ್ಯಾಸೆಟರ್ ಕಥೆ ಸುಳ್ಳಲ್ಲ. ಅವರು ಓದಿದ್ದು ಲಾಸ್ ಏಂಜಲೀಸ್ ಹತ್ತಿರದ ಕ್ಯಾಲ್‌ಆರ್ಟ್ಸ್ ಅನ್ನೋ ಕಲಾಶಾಲೆಯಲ್ಲಿ. 1975ರಲ್ಲಿ ಅಲ್ಲಿ ಕ್ಯಾರೆಕ್ಟರ್ ಆನಿಮೇಷನ್ ಕೋರ್ಸ್ ಶುರುವಾಯಿತು. ಆ ಮೊದಲ ವರ್ಷಗಳ ಕ್ಲಾಸಲ್ಲಿ ಯಾರ್ಯಾರಿದ್ದರು ನೋಡಿ. ಲ್ಯಾಸೆಟರ್, ಬ್ರಾಡ್ ಬರ್ಡ್, ಜಾನ್ ಮಸ್ಕರ್. ಸ್ವಲ್ಪ ಆಮೇಲೆ ಟಿಮ್ ಬರ್ಟನ್, ಹೆನ್ರಿ ಸೆಲಿಕ್. ಎಲ್ಲರೂ ಮುಂದೆ ಹೆಸರಾಂತ ಸಿನಿಮಾ ನಿರ್ದೇಶಕರಾದವರು. ಇವರ ಕ್ಲಾಸ್‌ರೂಮ್ ನಂಬರ್ ಎ113. ಆ ನಂಬರನ್ನು ಇವತ್ತಿಗೂ ತಮ್ಮ ಸಿನಿಮಾಗಳಲ್ಲಿ ಎಲ್ಲೋ ಒಂದು ಕಡೆ ಅಡಗಿಸಿ ಇಡುತ್ತಾರೆ. 'ಟಾಯ್ ಸ್ಟೋರಿ'ಯಲ್ಲಿ ಆಂಡಿಯ ಅಮ್ಮನ ಕಾರಿನ ನಂಬರ್ ಪ್ಲೇಟ್ ನೋಡಿ. ಒಂದೇ ಶಾಲೆಯಿಂದ ಇಷ್ಟು ಜನ ಬಂದಿದ್ದಾರೆ ಅಂದರೆ ಶಾಲೆಗೆ ಏನೂ ಬೆಲೆ ಇಲ್ಲ ಅನ್ನೋಕಾಗುತ್ತಾ?

ಪ್ಯಾರಿಸ್‌ನ ಗೋಬ್ಲಾಂ ಶಾಲೆಯೂ ಹಾಗೆಯೇ. ಮಿನಿಯನ್‌ಗಳನ್ನು ಮಾಡಿ ಅವುಗಳಿಗೆ ದನಿಯನ್ನೂ ಕೊಟ್ಟ ಪಿಯರ್ ಕೊಫ್ಯಾಂ ಅಲ್ಲಿಯವರು. ನಮ್ಮ 'ಛೋಟಾ ಭೀಮ್' ರಾಜೀವ್ ಚಿಲಕಾ ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆನಿಮೇಷನ್ ಕಲಿತು ಬಂದು ಹೈದರಾಬಾದಲ್ಲಿ ಕಂಪನಿ ಕಟ್ಟಿದವರು.

ರೋಟೋ_ರಂಗ:
ಅಭಿಮಾನಿಗಳೇ, ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ. ಅದೇ ಲ್ಯಾಸೆಟರ್‌ನನ್ನು ಡಿಸ್ನಿಯವರು ಕೆಲಸದಿಂದ ತೆಗೆದಿದ್ದರು. ಕಂಪ್ಯೂಟರ್ ಆನಿಮೇಷನ್ ಮಾಡೋಣ ಅಂತ ಹಿಂದೆ ಬಿದ್ದಿದ್ದಕ್ಕೆ. 'ಟಾಯ್ ಸ್ಟೋರಿ' ಬಂದಿದ್ದು 1995ರಲ್ಲಿ. ಕ್ಲಾಸಿಗೆ ಸೇರಿದ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷ. ಬ್ರಾಡ್ ಬರ್ಡ್ ಮೊದಲ ಸಿನಿಮಾ 'ದಿ ಐರನ್ ಜಯಂಟ್' ಥಿಯೇಟರ್‌ನಲ್ಲಿ ಮಕಾಡೆ ಮಲಗಿತು. ಇದು ಯಾವ ಕಾಲೇಜಿನ ಗೋಡೆ ಮೇಲೂ ಇರಲ್ಲ.

ಈಗ ನನ್ನ ಕಥೆ. 2014ರಲ್ಲಿ ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಲ್ಲಿ ಕೋರ್ಸ್ ಮುಗಿಸಿದೆ, ಹೆಸರು ಬೇಡ. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂದಿದ್ದರು. ಪ್ಲೇಸ್‌ಮೆಂಟ್ ಆಯ್ತು. ರೋಟೋ ಆರ್ಟಿಸ್ಟ್, ತಿಂಗಳಿಗೆ 11 ಸಾವಿರ, ಮೊದಲ ಮೂರು ತಿಂಗಳು ಟ್ರೇನಿಂಗ್ ಅಂತ ಅದೂ ಇಲ್ಲ. ರೋಟೋ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಸಿನಿಮಾದಲ್ಲಿ ಹೀರೋ ನಡೆದು ಹೋಗುತ್ತಾನೆ, ಅವನ ಹಿಂದೆ ಬೇರೆ ಬ್ಯಾಕ್‌ಗ್ರೌಂಡ್ ಹಾಕಬೇಕು. ಹಾಗಾಗಿ ಅವನ ಸುತ್ತ ಗೆರೆ ಎಳೆದು ಕತ್ತರಿಸಬೇಕು. ಒಂದು ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿನಲ್ಲೂ ಕೂದಲು, ಬೆರಳು, ಹಾರುವ ಸೆರಗು. ಹಾಲಿವುಡ್ ಸಿನಿಮಾಕ್ಕೆ ನಾನೂ ಮಾಡಿದ್ದೇನೆ ಸ್ವಾಮಿ. ಒಬ್ಬ ನಟಿಯ ಎಡಗಿವಿಯ ಸುತ್ತ ಒಂದು ವಾರ ಸುತ್ತಿದ್ದೇನೆ. ನನ್ನ ಫೋಟೋನೂ ಆ ಗೋಡೆ ಮೇಲಿದೆ!

ಬೆಳಕಿನ_ಹುಡುಗಿ:
ರಂಗಣ್ಣ, ನಗು ಬಂತು. ಆದರೆ ರೋಟೋವನ್ನು ಅಷ್ಟು ಕೀಳಾಗಿ ಹೇಳಬೇಡಿ. ನಾನೂ ಶುರು ಮಾಡಿದ್ದು ಅಲ್ಲೇ. ಒಂದೂವರೆ ವರ್ಷ ಹಗಲು ರೋಟೋ ಮಾಡಿ, ರಾತ್ರಿ ಪೀಜಿಯಲ್ಲಿ ಕೂತು ಲೈಟಿಂಗ್, ಅಂದರೆ ಕಂಪ್ಯೂಟರಲ್ಲೇ ದೃಶ್ಯಕ್ಕೆ ಬೆಳಕು ಕೊಡೋದು, ಕಲಿತೆ. ಈಗ ಒಂದು ಟೀಮಿನ ಲೀಡ್. ನನ್ನ ಬ್ಯಾಚಿನಲ್ಲಿ 32 ಜನ ಇದ್ದೆವು. ಹೋದ ವರ್ಷ ವಾಟ್ಸಾಪ್ ಗ್ರೂಪಲ್ಲಿ ಸುಮ್ನೆ ಲೆಕ್ಕ ಹಾಕಿದೆವು. ಇನ್ನೂ ಈ ಫೀಲ್ಡಲ್ಲಿ ಇರೋರು 13 ಜನ. ಮೂವರು ಹೊರದೇಶದಲ್ಲಿ. ಇಬ್ಬರು ಗೇಮ್ ಕಂಪನಿಯಲ್ಲಿ, ಅವರಿಗೇ ಎಲ್ಲರಿಗಿಂತ ಸಂಬಳ ಜಾಸ್ತಿ. ಉಳಿದ 19ರಲ್ಲಿ ಮದುವೆ ವಿಡಿಯೋ ಎಡಿಟ್ ಮಾಡೋರು ಇದ್ದಾರೆ, ಬ್ಯಾಂಕಲ್ಲಿ ಇರೋರು ಇದ್ದಾರೆ, ತುಮಕೂರಲ್ಲಿ ಬೇಕರಿ ಇಟ್ಟವನೂ ಇದ್ದಾನೆ. ಬೇಕರಿಯವನು ಖುಷಿಯಾಗಿದ್ದಾನೆ, ಅದು ಬೇರೆ ಮಾತು.

ಇದು ನನ್ನ ಒಂದು ಬ್ಯಾಚಿನ ಲೆಕ್ಕ ಅಷ್ಟೇ. ಅಪ್ಪಾಜಿ, ನೀವು ಕಾಲೇಜಿನವರನ್ನು ಕೇಳಬೇಕಾದ್ದು ಇದನ್ನೇ. ಮೂರು ವರ್ಷದ ಹಿಂದಿನ ಬ್ಯಾಚಿನ ಎಲ್ಲರ ಪಟ್ಟಿ ಕೊಡಿ ಅನ್ನಿ. ಹತ್ತು ಜನರದ್ದಲ್ಲ, ಎಲ್ಲರದ್ದು. ಕೊಡದೇ ಇದ್ದರೆ ಉತ್ತರ ಸಿಕ್ಕಂತೆ.

ಬ್ಲೆಂಡರ್_ಭಟ್ಟ:
ಏಳು ಲಕ್ಷ ಯಾಕೆ ಅಂತ ನನ್ನ ಪ್ರಶ್ನೆ. 2025ರಲ್ಲಿ ಆನಿಮೇಷನ್ ಸಿನಿಮಾಗೆ ಆಸ್ಕರ್ ಬಂದಿದ್ದು ಯಾರಿಗೆ? ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಮಾಡಿದ 'ಫ್ಲೋ'. ಆತ ಯಾವ ಆನಿಮೇಷನ್ ಸ್ಕೂಲಿಗೂ ಹೋದವನಲ್ಲ. ಮಾಡಿದ್ದು ಬ್ಲೆಂಡರ್‌ನಲ್ಲಿ. ಆ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ನಮ್ಮಲ್ಲೇ ನೋಡಿ. ಗೋವಿನ ಹಾಡನ್ನು ಇಟ್ಟುಕೊಂಡು 'ಪುಣ್ಯಕೋಟಿ' ಅಂತ ಸಂಸ್ಕೃತ ಆನಿಮೇಷನ್ ಸಿನಿಮಾ ಮಾಡಿದ ರವಿಶಂಕರ್ ಇನ್ಫೋಸಿಸ್‌ನಲ್ಲಿ ಎಚ್ಆರ್ ಕೆಲಸದಲ್ಲಿ ಇದ್ದವರು. ಜನರಿಂದ ದುಡ್ಡು ಸೇರಿಸಿ, ಬೇರೆ ಬೇರೆ ಊರಿನ ಕಲಾವಿದರನ್ನು ಸೇರಿಸಿ ಮಾಡಿದರು. ಇಳಯರಾಜ ಸಂಗೀತ. 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ಒಂದು ಒಳ್ಳೆ ಕಂಪ್ಯೂಟರ್ ಕೊಡಿಸಿ ಸರ್, ಒಂದೂವರೆ ಲಕ್ಷ. ಉಳಿದ ದುಡ್ಡು ಬ್ಯಾಂಕಲ್ಲಿರಲಿ.

ಎ113_ಅಭಿಮಾನಿ:
ಭಟ್ರೇ, ನೀವು ಗೋಡೆ ಫೋಟೋ ಬೈದು ನೀವೂ ಅದೇ ಮಾಡಿದಿರಿ. ಜಿಲ್ಬಾಲೋಡಿಸ್ ಒಬ್ಬ. ಯೂಟ್ಯೂಬ್ ನೋಡಿ ಕಲಿಯೋಕೆ ಶುರು ಮಾಡಿ ಮೂರನೇ ವಾರಕ್ಕೆ ಬಿಟ್ಟವರು ಎಷ್ಟು ಸಾವಿರ ಜನ?

ಬ್ಲೆಂಡರ್_ಭಟ್ಟ:
ಒಪ್ಪಿದೆ. ಆದರೆ ಮೂರನೇ ವಾರಕ್ಕೆ ಬಿಟ್ಟವನ ಏಳು ಲಕ್ಷ ಉಳಿಯಿತಲ್ಲ 😀

ಹಾಸನದ_ಡ್ರಾಯಿಂಗ್_ಮೇಷ್ಟ್ರು:
ಇಬ್ಬರೂ ಕಂಪ್ಯೂಟರ್ ಸುತ್ತಲೇ ತಿರುಗುತ್ತಿದ್ದೀರಿ. ಕ್ಯಾಲ್‌ಆರ್ಟ್ಸ್‌ನ ಆ ಮೊದಲ ಕ್ಲಾಸಲ್ಲಿ ಕಂಪ್ಯೂಟರೇ ಇರಲಿಲ್ಲ. ಪಾಠ ಮಾಡಿದವರು ಯಾರು? ಡೊನಾಲ್ಡ್ ಡಕ್ ಚಿತ್ರಗಳನ್ನು ನಿರ್ದೇಶಿಸಿದ್ದ ಜಾಕ್ ಹ್ಯಾನಾ ಆ ಕೋರ್ಸಿನ ಮುಖ್ಯಸ್ಥರು. ಲೇಔಟ್, ಅಂದರೆ ದೃಶ್ಯದ ಜೋಡಣೆ, ಹೇಳಿಕೊಟ್ಟಿದ್ದು ಕೆನ್ ಓಕಾನರ್. ಇಬ್ಬರೂ ಡಿಸ್ನಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಮಾಡಿಸಿದ್ದು ಏನು? ಮನುಷ್ಯರನ್ನು ಕೂರಿಸಿ, ನಿಲ್ಲಿಸಿ, ನೋಡಿ ಬರೆಯೋದು. ದಿನಾ ಬರೆಯೋದು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆಗ ಡಿಸ್ನಿಯ ಹಳೇ ಕೈಗಳು ನಿವೃತ್ತಿಗೆ ಬಂದಿದ್ದವು. ಕುರ್ಚಿ ಖಾಲಿ ಆಗುತ್ತಿತ್ತು, ಕೂರೋಕೆ ಹುಡುಗರು ಬೇಕಿತ್ತು. ಹಾಗಾಗಿ ಆ ಹುಡುಗರಿಗೆ ಬಾಗಿಲು ತೆರೆದಿತ್ತು. ಪ್ರತಿಭೆ ಇರಲಿಲ್ಲ ಅಂತಲ್ಲ, ಕಾಲವೂ ಕೂಡಿ ಬಂತು.

ಶಾಲೆ ಬೇಕೋ ಬೇಡವೋ ಅನ್ನೋಕೆ ನನಗೆ ಇಷ್ಟವಾದ ಉದಾಹರಣೆ ಜಾನ್ ಮಸ್ಕರ್ ಮತ್ತು ರಾನ್ ಕ್ಲೆಮೆಂಟ್ಸ್. ಇಬ್ಬರೂ ಜೋಡಿಯಾಗಿ 'ಅಲಾದ್ದೀನ್', 'ಮೊವಾನಾ' ಮಾಡಿದರು. ಮಸ್ಕರ್ ಕ್ಯಾಲ್‌ಆರ್ಟ್ಸ್ ಹುಡುಗ. ಕ್ಲೆಮೆಂಟ್ಸ್ ಅಲ್ಲಿ ಓದಿದವರಲ್ಲ. ಅವರು ಸ್ಟುಡಿಯೋ ಒಳಗೇ ಫ್ರಾಂಕ್ ಥಾಮಸ್ ಅನ್ನೋ ಹಿರಿಯರ ಪಕ್ಕದಲ್ಲಿ ಕೂತು ಕಲಿತವರು. ಎರಡು ದಾರಿ, ಒಂದೇ ಸಿನಿಮಾ. ಎರಡರಲ್ಲೂ ಸಾಮಾನ್ಯವಾಗಿ ಇದ್ದಿದ್ದು ಒಂದೇ. ಕೆಲಸ ಬಲ್ಲ ಒಬ್ಬರು ಪಕ್ಕದಲ್ಲಿ ನಿಂತು, 'ಇದು ಸರಿಯಿಲ್ಲ, ಮತ್ತೆ ಬರಿ' ಅಂದದ್ದು. ನಿಮ್ಮ ಆ ಕಾಲೇಜಲ್ಲಿ ಹಾಗೆ ಹೇಳೋರು ಯಾರಿದ್ದಾರೆ ಸ್ವಾಮಿ? ಮೇಷ್ಟ್ರುಗಳು ಹಿಂದೆ ಯಾವ ಸಿನಿಮಾಕ್ಕೆ ಏನು ಮಾಡಿದ್ದಾರೆ ಕೇಳಿದಿರಾ?

ದಾವಣಗೆರೆ_ಅಪ್ಪ:
ಕೇಳಲಿಲ್ಲ ಸರ್. ಎಸಿ ಇದೆಯಾ, ಹಾಸ್ಟೆಲ್ ಊಟ ಹೇಗೆ ಅಂತೆಲ್ಲ ಕೇಳಿದೆ. ಇದು ತೋಚಲೇ ಇಲ್ಲ. ಮಗಳು ಕೇಳಿದಳಂತೆ. ಇಬ್ಬರು ಮೇಷ್ಟ್ರು ಅಲ್ಲೇ ಓದಿ ಅಲ್ಲೇ ಪಾಠಕ್ಕೆ ನಿಂತವರಂತೆ.

ರೋಟೋ_ರಂಗ:
ಅದೇ ನೋಡಿ. ಕೆಲಸ ಸಿಗದವರನ್ನು ಅಲ್ಲೇ ಪಾಠಕ್ಕೆ ಇಟ್ಟುಕೊಂಡು 'ಪ್ಲೇಸ್‌ಮೆಂಟ್ ಆಯ್ತು' ಅಂತ ಬರೆದುಕೊಳ್ಳೋದು. ನಮ್ಮ ಕಡೆಯೂ ಇತ್ತು.

ಹಾಸನದ_ಡ್ರಾಯಿಂಗ್_ಮೇಷ್ಟ್ರು:
ಎಲ್ಲರನ್ನೂ ಹಾಗೆ ಅನ್ನಬೇಡಿ ರಂಗ, ಪಾಠ ಮಾಡೋದೂ ಒಂದು ಕಸುಬು. ಅಪ್ಪನವರೇ, ನಿಮ್ಮ ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಮೈಸೂರಲ್ಲಿ ಕಾವಾ ಕಲಾ ಕಾಲೇಜು ಇದೆ, ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತು ಇದೆ. ಗೀತಾಂಜಲಿ ರಾವ್ ಅವರ ವಿಷಯ ಮಗಳಿಗೆ ಹೇಳಿ. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಓದಿ, ರಾಮ್ ಮೋಹನ್ ಅವರ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾ ಆನಿಮೇಷನ್ ಕಲಿತರು. ಅವರ ಕಿರುಚಿತ್ರ 'ಪ್ರಿಂಟೆಡ್ ರೇನ್‌ಬೋ' 2006ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದಿತು. ಮೊದಲು ಕೈ ಪಳಗಲಿ. ಸಾಫ್ಟ್‌ವೇರ್ ಆಮೇಲೂ ಕಲಿಯಬಹುದು, ಅದು ಹೇಗೂ ಐದು ವರ್ಷಕ್ಕೊಮ್ಮೆ ಬದಲಾಗುತ್ತೆ.

ನಮ್ಮ ರಾಜ್ಯ 2012ರಲ್ಲೇ ಆನಿಮೇಷನ್, ಗೇಮಿಂಗ್‌ಗೆ ಅಂತ ಪ್ರತ್ಯೇಕ ನೀತಿ ತಂದಿತು, ದೇಶದಲ್ಲೇ ಮೊದಲು. ಕಲಾಶಾಲೆಗಳಲ್ಲಿ ಡಿಜಿಟಲ್ ಆರ್ಟ್ ಸೆಂಟರ್ ಮಾಡುವ ಯೋಜನೆ ಅದರಲ್ಲೇ ಇತ್ತು. ಹತ್ತಿರದ ಕಾಲೇಜಲ್ಲಿ ಅದು ಈಗ ಯಾವ ಸ್ಥಿತಿಯಲ್ಲಿದೆ ಅಂತ ಒಮ್ಮೆ ಹೋಗಿ ಕಣ್ಣಾರೆ ನೋಡಿ. ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿದ್ದರೆ ವಾಪಸ್ ಬನ್ನಿ.

ವ್ಯಾಂಕೂವರ್_ಕನ್ನಡಿಗ:
'ಇವಳು ಕೆನಡಾದಲ್ಲಿದ್ದಾಳೆ' ಅನ್ನೋ ಫೋಟೋ ಬಗ್ಗೆ ನಾನು ಹೇಳುತ್ತೇನೆ. ಇಲ್ಲಿ ಇಷ್ಟೊಂದು ಸ್ಟುಡಿಯೋ ಯಾಕಿವೆ ಗೊತ್ತಾ? ಹಾಲಿವುಡ್‌ನವರಿಗೆ ವ್ಯಾಂಕೂವರ್ ಮಳೆ ಮೇಲೆ ಪ್ರೀತಿ ಅಂತಲ್ಲ. ಇಲ್ಲಿನ ಸರ್ಕಾರ ಕಲಾವಿದರ ಸಂಬಳದ ಒಂದು ಭಾಗವನ್ನು ತೆರಿಗೆ ರಿಯಾಯಿತಿಯಾಗಿ ವಾಪಸ್ ಕೊಡುತ್ತೆ. ಮಾಂಟ್ರಿಯಲ್, ಲಂಡನ್‌ನಲ್ಲೂ ಇಂಥ ರಿಯಾಯಿತಿ ಇದೆ. ಎಲ್ಲಿ ರಿಯಾಯಿತಿ ಜಾಸ್ತಿಯೋ ಕೆಲಸ ಅಲ್ಲಿಗೆ. ಕೆಲಸದ ಹಿಂದೆ ನಾವು. ಹನ್ನೊಂದು ವರ್ಷದಲ್ಲಿ ನಾನು ನಾಲ್ಕು ಊರು ಬದಲಾಯಿಸಿದ್ದೇನೆ. ಮಗ ಮೂರು ಶಾಲೆ ಕಂಡಿದ್ದಾನೆ. ಕೆಲಸ ಹೆಚ್ಚಾಗಿ ಪ್ರಾಜೆಕ್ಟ್ ಇರುವಷ್ಟು ದಿನದ ಕಾಂಟ್ರ್ಯಾಕ್ಟ್.

ದೊಡ್ಡ ಹೆಸರು ಅಂದರೆ ಗಟ್ಟಿ ಅಂತಲೂ ಅಲ್ಲ. ರಿದಮ್ ಅಂಡ್ ಹ್ಯೂಸ್ ಕಂಪನಿಗೆ 2013ರ ಫೆಬ್ರವರಿಯಲ್ಲಿ 'ಲೈಫ್ ಆಫ್ ಪೈ'ನ ಹುಲಿಗಾಗಿ ಆಸ್ಕರ್ ಬಂತು. ಅದೇ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತ್ತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ಗ್ರಾಫಿಕ್ಸ್ ಕಂಪನಿ ಮುಳುಗಿದಾಗ ಬೆಂಗಳೂರು, ಮುಂಬೈಯಲ್ಲಿ ಸಾವಿರಾರು ಜನ ಒಂದೇ ವಾರದಲ್ಲಿ ಮನೆಗೆ ಹೋದರು. ಅವರೆಲ್ಲ ಕೆಲಸ ಬರದವರಾ? ಅವರಲ್ಲಿ ಎಷ್ಟೋ ಜನ ಯಾವ್ಯಾವುದೋ ಕಾಲೇಜಿನ ಗೋಡೆ ಮೇಲೆ ಇವತ್ತಿಗೂ ನಗುತ್ತಿರಬಹುದು.

ಹೀಗಂದರೂ ನಾನು ಈ ಕೆಲಸ ಬಿಡಲ್ಲ. ಥಿಯೇಟರಲ್ಲಿ ಕೊನೆಯ ಹೆಸರುಗಳು ಓಡುವಾಗ ಎಲ್ಲರೂ ಎದ್ದು ಹೋಗುತ್ತಾರೆ, ನಮ್ಮ ಮನೆಯವರು ಮಾತ್ರ ಕೂತು ನನ್ನ ಹೆಸರು ಹುಡುಕುತ್ತಾರೆ.

ಬೆಳಕಿನ_ಹುಡುಗಿ:
ಟೆಕ್ನಿಕಲರ್ ಮುಚ್ಚಿದ ವಾರ ನಮ್ಮ ಸ್ಟುಡಿಯೋ ಮೇಲ್ ಬಾಕ್ಸಿಗೆ ಬಂದ ರೆಸ್ಯೂಮೆಗಳನ್ನು ನೋಡಿ ಹೊಟ್ಟೆ ತೊಳಸಿತು. ನನಗಿಂತ ಸೀನಿಯರ್‌ಗಳು ನನ್ನ ಹತ್ತಿರ ಕೆಲಸ ಕೇಳುತ್ತಿದ್ದರು.

ಆದರೆ ಒಂದು ಗಮನಿಸಿದೆ. ಬೇಗ ಕೆಲಸ ಸಿಕ್ಕಿದ್ದು ಯಾರಿಗೆ ಅಂದರೆ ಶೋರೀಲ್ (ತಾವು ಮಾಡಿದ ಕೆಲಸದ ಚಿಕ್ಕ ವಿಡಿಯೋ) ಗಟ್ಟಿ ಇದ್ದವರಿಗೆ, ಮತ್ತೆ 'ಅವಳು ಒಳ್ಳೆ ಕೆಲಸಗಾರ್ತಿ' ಅಂತ ಫೋನ್ ಮಾಡಿ ಹೇಳೋ ಹಳೇ ಸಹಪಾಠಿ ಇದ್ದವರಿಗೆ. ಶಾಲೆಯಿಂದ ನನಗೆ ಸಿಕ್ಕ ದೊಡ್ಡ ಲಾಭ ಆ ಸಹಪಾಠಿಗಳೇ. ಸರ್ಟಿಫಿಕೇಟ್ ಇವತ್ತಿನವರೆಗೆ ಯಾರೂ ಕೇಳಿಲ್ಲ. ರೀಲ್‌ನ ಮೊದಲ ಹತ್ತು ಸೆಕೆಂಡ್ ನೋಡುತ್ತಾರೆ, ಅಷ್ಟೇ. ನಾನೂ ಈಗ ಇಂಟರ್‌ವ್ಯೂನಲ್ಲಿ ಅದನ್ನೇ ಮಾಡುತ್ತೇನೆ.

ಇನ್ನು ಹೆಣ್ಣುಮಕ್ಕಳ ಮಾತು ಬಂದರೆ ಬ್ರೆಂಡಾ ಚಾಪ್ಮನ್ ನೆನಪಾಗುತ್ತಾರೆ. ಅವರೂ ಕ್ಯಾಲ್‌ಆರ್ಟ್ಸ್‌ನವರೇ. ಪಿಕ್ಸಾರ್ ಸಿನಿಮಾ 'ಬ್ರೇವ್' ಕಥೆ ತಮ್ಮ ಮಗಳನ್ನು ನೋಡಿ ಕಟ್ಟಿದ್ದು. ನಡುವೆ ಅವರನ್ನೇ ನಿರ್ದೇಶನದಿಂದ ತೆಗೆದರು. ಆಮೇಲೆ ಅದಕ್ಕೆ ಆಸ್ಕರ್ ಬಂದಾಗ ವೇದಿಕೆ ಹತ್ತಿದವರಲ್ಲಿ ಅವರೂ ಇದ್ದರು. ಗೆಲುವು ಅನ್ನಬೇಕೋ ಏನನ್ನಬೇಕೋ.

ಎ113_ಅಭಿಮಾನಿ:
ನೀವೆಲ್ಲ ಸೇರಿ ಅಪ್ಪನವರನ್ನು ಹೆದರಿಸಿಬಿಟ್ಟಿರಿ. ಒಳ್ಳೆಯದೂ ಹೇಳಿ! 2025ರಲ್ಲಿ 'ಮಹಾವತಾರ ನರಸಿಂಹ' ಬಂತು. ನಮ್ಮ ಹೊಂಬಾಳೆಯವರು ಅರ್ಪಿಸಿದ್ದು. ಭಾರತದ ಆನಿಮೇಷನ್ ಸಿನಿಮಾ ಇಷ್ಟು ದುಡ್ಡು ಮಾಡಿದ್ದೇ ಇಲ್ಲ. ಇಲ್ಲಿಯವರೆಗೆ ನಾವು ಬೇರೆಯವರ ಕಿವಿ ಸುತ್ತ ಗೆರೆ ಎಳೆದಿದ್ದು ಸಾಕು, ನಮ್ಮದೇ ಕಥೆಗೆ ಜನ ಬೇಕಾಗುತ್ತಾರೆ.

ರೋಟೋ_ರಂಗ:
ಒಂದು ಸಿನಿಮಾ ಓಡಿದ್ದಕ್ಕೆ ಊರು ತುಂಬಾ ಕಾಲೇಜು ತೆರೆಯುತ್ತಾರೆ ನೋಡ್ತಿರಿ. ಕಿವಿ ಸುತ್ತ ಗೆರೆ ಎಳೆಯೋ ಕೆಲಸ ಈಗ ಎಐ ಕಲಿಯುತ್ತಿದೆ. ಅಂದರೆ ನಾನು, ಬೆಳಕಿನ ಮೇಡಂ ಎಲ್ಲ ಹತ್ತಿ ಬಂದ ಮೊದಲ ಮೆಟ್ಟಿಲೇ ಹೋಗುತ್ತಿದೆ. ನಿಮ್ಮ ಮಗಳು ಎಲ್ಲಿಂದ ಹತ್ತುತ್ತಾಳೆ ಅನ್ನೋದೇ ನನ್ನ ಚಿಂತೆ. ಬೇಡ ಅಂತ ಹೇಳ್ತಿಲ್ಲ.

ದಾವಣಗೆರೆ_ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮಗಳಿಗೆ ಓದಿಸಿದೆ. ಬೇಕರಿ ವಿಷಯಕ್ಕೆ ನಕ್ಕಳು, ಉಳಿದದ್ದಕ್ಕೆ ಏನೂ ಹೇಳಲಿಲ್ಲ. ಆಮೇಲೆ ಒಂದು ವಿಡಿಯೋ ತೋರಿಸಿದಳು. ನಮ್ಮ ಹಳ್ಳಿ ಮನೆಯ ಮೇಕೆ ನಡೆಯೋದು, ಹನ್ನೆರಡು ಸೆಕೆಂಡ್. ಅಮ್ಮನ ಹಳೇ ಲ್ಯಾಪ್‌ಟಾಪಲ್ಲಿ ಮಾಡಿದ್ದಂತೆ. ನನಗಂತೂ ಮೇಕೆ ಹಾಗೇ ಇದೆ ಅನಿಸಿತು. ಇಲ್ಲಿ ಹಾಕಿದ್ದೇನೆ, ನೀವು ನೋಡಿ ಹೇಳಿ. ಮುಲಾಜು ಬೇಡ.

ಬೆಳಕಿನ_ಹುಡುಗಿ:
ಕಿವಿ ಅಲ್ಲಾಡೋದು ಸೂಪರ್! ನಡೆಯುವಾಗ ಹೊಟ್ಟೆಯ ಭಾರ ಕೂಡ ಸರಿಯಾಗಿ ಜೋಲಾಡುತ್ತಿದೆ. ಪಿಯುಸಿ ಹುಡುಗಿಗೆ ಇದು ಚೆನ್ನಾಗಿದೆ.

ವ್ಯಾಂಕೂವರ್_ಕನ್ನಡಿಗ:
ನಾಲ್ಕನೇ ಸೆಕೆಂಡಲ್ಲಿ ಹಿಂಗಾಲು ನೆಲ ಮುಟ್ಟಿದ ಮೇಲೂ ಜಾರುತ್ತಿದೆ. ಐಸ್ ಮೇಲೆ ನಡೆದ ಹಾಗೆ. ಕಾಲು ಊರಿದ ಮೇಲೆ ಅಲ್ಲೇ ನಿಲ್ಲಬೇಕು, ಮೈ ಮುಂದೆ ಹೋಗಬೇಕು.

ಹಾಸನದ_ಡ್ರಾಯಿಂಗ್_ಮೇಷ್ಟ್ರು:
ಎಡದ ಹಿಂಗಾಲು, ಎಡದ ಮುಂಗಾಲು, ಬಲದ ಹಿಂಗಾಲು, ಬಲದ ಮುಂಗಾಲು. ಈ ಲೆಕ್ಕ ಎರಡು ಕಡೆ ತಪ್ಪಿದೆ ಮಗಳೇ. ನಾಳೆ ಬೆಳಗ್ಗೆ ಮೇಕೆ ಹಿಂದೆ ಅರ್ಧ ಗಂಟೆ ನಡಿ, ಪುಸ್ತಕ ಪೆನ್ಸಿಲ್ ಕೈಯಲ್ಲಿರಲಿ. ಸಂಜೆ ಸರಿಮಾಡಿ ಮತ್ತೆ ಹಾಕು.

ದಾವಣಗೆರೆ_ಅಪ್ಪ:
ಅವಳೇ ಓದಿದಳು ಸರ್. ಊರಿಗೆ ಬೆಳಗ್ಗೆ ಆರೂವರೆ ಬಸ್ಸು. ಹೋಗ್ತಾಳಂತೆ.