ಅಪ್‌ಡೇಟ್: ಕರಿಬೇವಿನ ಗಿಡದ ಹುಳುಗಳ ವಿಚಾರ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಂಗಳದಲ್ಲಿ ಕರಿಬೇವಿನ ಎಲೆಗಳನ್ನು ತಿನ್ನುತ್ತಿದ್ದ ಹುಳುಗಳಿಗೆ ಬೇವಿನೆಣ್ಣೆ ಸಿಂಪಡಿಸಬಹುದೇ ಎಂದು ಮಳೆಗಾಲದ ಕೊನೆಯಲ್ಲಿ ಕೇಳಿದ್ದೆ. ಅವು ಚಿಟ್ಟೆಯ ಮರಿಹುಳುಗಳು, ಬೇವಿನೆಣ್ಣೆಯೂ ಅವುಗಳನ್ನು ಕೊಲ್ಲುತ್ತದೆ, ಹಾಗೆಯೇ ಬಿಡಿ ಎಂದು ಹಲವರು ಸಲಹೆ ನೀಡಿದ್ದಿರಿ. ಅದರಂತೆಯೇ ಬಿಟ್ಟೆವು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿಯಾಗಿದ್ದ ಹುಳುಗಳು ಪೊರೆ ಕಳಚುತ್ತ ಎಲೆಹಸಿರು ಬಣ್ಣಕ್ಕೆ ತಿರುಗಿದವು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೋಡನ್ನು ಹೊರಚಾಚಿ ಕಟುವಾಸನೆ ಬಿಡುತ್ತಿದ್ದವು. ಇರುವೆ, ಜೇಡಗಳಂಥ ಶತ್ರುಗಳನ್ನು ದೂರವಿಡಲು ಅವುಗಳಿಗಿರುವ ಉಪಾಯವಿದು. ಕೋಶದಿಂದ ಹೊರಬಂದದ್ದು ಕಾಮನ್ ಮಾರ್ಮನ್ ಚಿಟ್ಟೆ. ಗಿಡವೂ ಈಗ ಚಿಗುರಿದೆ.

ಮಕರಂದಕ್ಕಾಗಿ ಕೇಪಳ, ರಥಪುಷ್ಪಗಳನ್ನು ನೆಟ್ಟಿದ್ದೇವೆ. ಆದರೆ ಚಿಟ್ಟೆಗಳು ನೆಲೆಸಬೇಕಾದರೆ ಹೂವಿಗಿಂತ ಮರಿಹುಳುವಿನ ಆಹಾರದ ಗಿಡವೇ ಮುಖ್ಯವೆಂದು ನನಗೆ ಖಚಿತವಾಗಿರುವುದರಿಂದ, ಬೇಲಿಗೆ ಈಶ್ವರಿ ಬಳ್ಳಿಯನ್ನೂ ಹಬ್ಬಿಸಿದ್ದೇವೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಬೆಳೆಯುವುದು ಈ ಕುಟುಂಬದ ಗಿಡ-ಬಳ್ಳಿಗಳ ಮೇಲೆಯೇ. ಅದು ಇನ್ನೂ ಮೊಟ್ಟೆಯಿಟ್ಟಿಲ್ಲ. ಬೇಲಿ ಸವರಲು ಬರುವವರಿಗೆ ಮಾತ್ರ ಈಗಲೇ ಬಳ್ಳಿಯನ್ನು ತೋರಿಸಿ, ಅದಕ್ಕೆ ಕತ್ತಿ ತಾಗಿಸಬೇಡಿರೆಂದು ಹೇಳಿಟ್ಟಿದ್ದೇವೆ.