ಗುಂಪು ‘ಮನೆ ಮಂದಿ’: ಲಿನಕ್ಸ್‌ನಲ್ಲಿ ಮದುವೆ ವಿಡಿಯೊ

ಚಿಕ್ಕಪ್ಪ: (ಫಾರ್ವರ್ಡ್) ‘ಲಿನಕ್ಸ್‌ಗೆ ಹೊಸಬರೇ, ವಿಡಿಯೊ ಎಡಿಟ್ ಮಾಡೋ ಡಾವಿಂಚಿ ರಿಸಾಲ್ವ್ ಉಚಿತ. ವಿಡಿಯೊ ಎಲ್ಲ ಮನೆಯ ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿರೋ ಡಿಸ್ಕ್ ಪೆಟ್ಟಿಗೆ) ಹಾಕಿ ಅಲ್ಲಿಂದಲೇ ಎಡಿಟ್ ಮಾಡಿ. ರೇಡ್ 1 (ಎರಡು ಡಿಸ್ಕ್‌ಗೂ ಅದನ್ನೇ ಬರೆಯೋ ಜೋಡಣೆ) ಇದ್ದರೆ ಬ್ಯಾಕಪ್ ಬೇಡ. ಫೋನ್ ಖಾಲಿ ಮಾಡಿ.’
ಪುಟ್ಟಾ, ಲಿನಕ್ಸ್ ಮಿಂಟ್ ಹಾಕ್ಕೊಂಡಿದ್ದೀಯಲ್ಲ, ನಿನಗೇ ಇದು.

ಅಕ್ಕ: ಚಿಕ್ಕಪ್ಪ, ಕೊನೇ ಎರಡು ಮಾತು ಪೂರ್ತಿ ತಪ್ಪು. ಪುಟ್ಟಾ, ಫೋನಿಂದ ಏನೂ ಅಳಿಸಬೇಡ. ರಿಸಾಲ್ವ್ ಕೂಡ ಬೇಡ, ಕೆಡೆನ್‌ಲೈವ್ ಹಾಕು, ಅದೂ ವಿಡಿಯೊ ಎಡಿಟ್ ಮಾಡೋದೇ.

ಅಣ್ಣ: ಅಳಿಸಬೇಡ ಅನ್ನೋದು ಒಪ್ಪಿದೆ. ಆದ್ರೆ ರಿಸಾಲ್ವ್ ಯಾಕೆ ಬೇಡ? ಬಣ್ಣ ತಿದ್ದೋಕೆ ಕೆಡೆನ್‌ಲೈವ್ ಅದರ ಹತ್ತಿರಕ್ಕೂ ಬರಲ್ಲ.

ಅಕ್ಕ: ಬಣ್ಣ ತಿದ್ದೋಕೆ ಮೊದಲು ಫೈಲ್ ತೆರೀಬೇಕಲ್ಲ ಅಣ್ಣ. ಲಿನಕ್ಸ್‌ನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಎಚ್.264, ಎಚ್.265 ಅನ್ನೋ ಕುಗ್ಗಿಸಿದ ವಿಡಿಯೊ ರೂಪ ಎರಡನ್ನೂ ಓದಲ್ಲ, ಎಎಸಿ ಅನ್ನೋ ಕುಗ್ಗಿಸಿದ ಶಬ್ದನೂ ಇಲ್ಲ. ಫೋನ್ ಕೊಡೋದು ಅದನ್ನೇ. ಹೊಸಬರು ‘ಮೀಡಿಯಾ ಆಫ್‌ಲೈನ್’ ನೋಡಿ ಫೈಲೇ ಕೆಟ್ಟಿದೆ ಅಂದ್ಕೊಳ್ತಾರೆ.

ಅಣ್ಣ: ಎಫ್‌ಎಫ್‌ಎಂಪೆಗ್ ಅನ್ನೋ ಪರಿವರ್ತಕದಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ ಅನ್ನೋ ಎಡಿಟಿಂಗ್ ರೂಪಕ್ಕೆ ಬದಲಾಯಿಸಿ, ಶಬ್ದ ಪಿಸಿಎಂ (ಕುಗ್ಗಿಸದ ಶಬ್ದ) ಮಾಡಿ ಎಂಒವಿ ಫೈಲ್‌ಗೆ ಹಾಕಿದ್ರೆ ಆಯ್ತು.

ಅಕ್ಕ: ಲೆಕ್ಕ ಹಾಕು. 1080ಪಿ, 30 ಫ್ರೇಮ್, ಅದರ ಎಚ್‌ಕ್ಯೂ ಗುಣಮಟ್ಟ ಅಂದ್ರೆ ಸೆಕೆಂಡಿಗೆ ಸುಮಾರು 220 ಮೆಗಾಬಿಟ್. ಗಂಟೆಗೆ 100 ಜಿಬಿ ಹತ್ತಿರ. ಮೂಲ ಫೈಲ್ 17 ಮೆಗಾಬಿಟ್‌ನದಾದ್ರೆ 8 ಜಿಬಿಯೊಳಗೇ ಇರುತ್ತೆ. ಇವನ ಲ್ಯಾಪ್‌ಟಾಪಲ್ಲಿ 256 ಜಿಬಿ ಎಸ್‌ಎಸ್‌ಡಿ!

ಪುಟ್ಟ: ಕೆಡೆನ್‌ಲೈವ್‌ನಲ್ಲಿ ತೆರೆದಿದೆ ಅಕ್ಕ, ಆದ್ರೆ ಮಂತ್ರ ಒಂದು ಕಡೆ, ತುಟಿ ಒಂದು ಕಡೆ.

ಅಕ್ಕ: ಫೋನ್ ಬೆಳಕು ನೋಡ್ಕೊಂಡು ಫ್ರೇಮ್ ದರ ಏರಿಳಿಸುತ್ತೆ, ಅದಕ್ಕೇ ಶಬ್ದ ತಾಳೆ ಆಗಲ್ಲ. ಫೈಲ್ ವಿವರ ತೋರಿಸೋ ಮೀಡಿಯಾಇನ್ಫೋದಲ್ಲಿ ಫ್ರೇಮ್ ರೇಟ್ ಮೋಡ್ ‘ವೇರಿಯಬಲ್’ ಅಂತಿರುತ್ತೆ, ನೋಡು. ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್‌ಗೆ ಹೊಂದೋ ರೂಪಕ್ಕೆ ಟ್ರಾನ್ಸ್‌ಕೋಡ್ ಮಾಡು. ಟೈಮ್‌ಲೈನ್‌ಗೆ ಎಳೆಯೋ ಮುಂಚೆನೇ. ಕತ್ತರಿಸಿದ ಮೇಲೆ ಮಾಡಿದ್ರೆ ಕಟ್‌ಗಳೆಲ್ಲ ಜರುಗುತ್ತವೆ.

ಅಣ್ಣ: ಸರಿ, ಕೆಡೆನ್‌ಲೈವ್ ಅಂತಲೇ ಇಟ್ಕೊಳೋಣ. ನ್ಯಾಸ್ ಮಾತಿಗೆ ಏನಂತೀಯ? 4ಕೆ ಫೈಲ್ 50 ಮೆಗಾಬಿಟ್ ಅಂದ್ರೆ ಸೆಕೆಂಡಿಗೆ 6 ಎಂಬಿ ಚಿಲ್ಲರೆ. ಗಿಗಾಬಿಟ್ ಕೇಬಲ್ 110 ಎಂಬಿ ಎಳೆಯುತ್ತೆ. ಧಾರಾಳ ಆಯ್ತಲ್ಲ.

ಅಕ್ಕ: ಒಂದೇ ಫೈಲ್ ನೆಟ್ಟಗೆ ಓಡಿಸೋಕೆ ಧಾರಾಳ. ಮೂರು ಕ್ಯಾಮೆರಾ ಟ್ರ್ಯಾಕ್ ಇಟ್ಟು ಹಿಂದೆ ಮುಂದೆ ಎಳೆದಾಗ ಹಾರ್ಡ್‌ಡಿಸ್ಕಿನ ಹೆಡ್ ಮೂರು ಕಡೆ ಓಡಾಡಬೇಕು. ವೈಫೈ ಆದ್ರೆ ಇನ್ನೂ ಕಷ್ಟ.

ಅಣ್ಣ: ಪ್ರಾಕ್ಸಿ ಹಾಕಿದ್ರೆ? ಸಣ್ಣ ಪ್ರತಿಗಳು ಲ್ಯಾಪ್‌ಟಾಪ್ ಎಸ್‌ಎಸ್‌ಡಿಯಲ್ಲಿ, ಮೂಲ ನ್ಯಾಸ್‌ನಲ್ಲಿ. ಕೊನೇ ರೆಂಡರ್‌ಗಷ್ಟೇ ಮೂಲ ಬೇಕು.

ಅಕ್ಕ: ಅದು ಸರಿಯಾದ ದಾರಿ, ಒಪ್ಪಿದೆ. ಆದ್ರೆ ಪ್ರಾಜೆಕ್ಟ್ ಫೈಲಲ್ಲಿ ವಿಡಿಯೊ ಇರಲ್ಲ, ವಿಳಾಸ ಮಾತ್ರ. ನ್ಯಾಸ್‌ನಲ್ಲಿ ಫೋಲ್ಡರ್ ಹೆಸರು ಬದಲಾಯಿಸಿದ್ರೆ ಎಲ್ಲ ಕ್ಲಿಪ್ ‘ಕಾಣೆ’.

ಚಿಕ್ಕಪ್ಪ: ರೇಡ್‌ನಲ್ಲಿ ಎರಡು ಡಿಸ್ಕ್ ಇದೆಯಲ್ಲಮ್ಮ, ಅದೇ ಎರಡು ಪ್ರತಿ ಆಗಲ್ವಾ?

ಅಕ್ಕ: ಇಲ್ಲ ಚಿಕ್ಕಪ್ಪ. ಒಂದು ಡಿಸ್ಕ್ ಸತ್ತರೆ ಮಾತ್ರ ಕಾಯುತ್ತೆ. ಕೈತಪ್ಪಿ ಅಳಿಸಿದ್ರೆ ಎರಡರಲ್ಲೂ ಅದೇ ಕ್ಷಣ ಹೋಗುತ್ತೆ. ಬೇರೆ ಯುಎಸ್‌ಬಿ ಡಿಸ್ಕ್ ಬೇಕು. ಅದನ್ನ ಲಿನಕ್ಸ್‌ನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ಗೂ ಹಾಕ್ತೀರಾದ್ರೆ ಎಕ್ಸ್‌ಫ್ಯಾಟ್. ಫ್ಯಾಟ್32ಗೆ 4 ಜಿಬಿ ಫೈಲ್ ಹೋಗಲ್ಲ.

ಪುಟ್ಟ: ಯುಎಸ್‌ಬಿ ಡಿಸ್ಕ್‌ಗೆ ಆರ್‌ಸಿಂಕ್ ಆಜ್ಞೆಯಿಂದ ನಕಲು ಮಾಡಿದೆ. ಡಿಸ್ಕ್ ಖಾಲಿ, ಲ್ಯಾಪ್‌ಟಾಪ್ ಭರ್ತಿ!

ಅಣ್ಣ: ಡಿಸ್ಕ್ ಮೌಂಟ್ ಆಗಿರಲಿಲ್ಲ ಕಣೋ, ಅಂದ್ರೆ ಅದರ ಫೋಲ್ಡರ್‌ಗೆ ಜೋಡಣೆ ಆಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿರೋ ಆ ಖಾಲಿ ಫೋಲ್ಡರ್‌ಗೇ ಬರೆದಿದೆ. ಫೈಂಡ್‌ಮೌಂಟ್ (findmnt) ಆಜ್ಞೆ ಹಾಕು, ಆ ಫೋಲ್ಡರ್ ಹೆಸರು ಬರದಿದ್ರೆ ಮೌಂಟ್ ಆಗಿಲ್ಲ ಅಂತ ಖಾತ್ರಿ. ಫೈಲ್‌ಗಳನ್ನ ಈಚೆ ತೆಗೆದು, ಫೋಲ್ಡರ್ ಖಾಲಿ ಇರುವಾಗಲೇ ಚಾಟರ್ (chattr) ಆಜ್ಞೆಯಿಂದ ‘ಪ್ಲಸ್ ಐ’ (+i, ಬದಲಾಯಿಸದಂತೆ ಬೀಗ) ಕೊಡು. ಆಮೇಲೆ ಡಿಸ್ಕ್ ಇಲ್ಲದಾಗ ರೂಟ್‌ಗೂ (ಎಲ್ಲ ಅಧಿಕಾರ ಇರೋ ಖಾತೆ) ಅಲ್ಲಿ ಬರೆಯೋಕಾಗಲ್ಲ. ಎಫ್‌ಸ್ಟ್ಯಾಬ್‌ನಲ್ಲಿ (ಆನ್ ಆಗುವಾಗ ಮೌಂಟ್ ಮಾಡೋ ಡಿಸ್ಕ್‌ಗಳ ಪಟ್ಟಿ) ಯುಯುಐಡಿ (ಡಿಸ್ಕಿನ ಗುರುತು ಸಂಖ್ಯೆ) ಜೊತೆ ‘ನೋಫೇಲ್’ ಸೇರಿಸು. ಅದಿಲ್ಲದೆ ಡಿಸ್ಕ್ ಕಿತ್ತಿಟ್ಟು ಆನ್ ಮಾಡಿದ್ರೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತೆ.

ಅಕ್ಕ: ಆರ್‌ಸಿಂಕ್‌ಗೆ ‘ಡಿಲೀಟ್’ (ಮೂಲದಲ್ಲಿ ಇಲ್ಲದ್ದನ್ನ ಪ್ರತಿಯಿಂದಲೂ ಅಳಿಸೋದು) ಸೇರಿಸೋದಾದ್ರೆ ಮೊದಲು ‘ಎನ್’ ಜೊತೆ ‘ವಿ’ ಹಾಕಿ ಒಣ ಓಟ (ನಿಜಕ್ಕೂ ಏನೂ ಬದಲಾಗದ ಪರೀಕ್ಷೆ) ಓಡಿಸು, ಅಳಿಸೋ ಪಟ್ಟಿ ಸಾಲುಸಾಲಾಗಿ ಓದು.

ಚಿಕ್ಕಪ್ಪ: ಫಾರ್ವರ್ಡ್ ತೆಗೆದೆ. ಫೋನ್ ಯಾವಾಗ ಖಾಲಿ ಮಾಡಬಹುದು?

ಅಕ್ಕ: ನ್ಯಾಸ್, ಯುಎಸ್‌ಬಿ ಡಿಸ್ಕ್ ಎರಡೂ ಕಡೆ ಶಾ256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಕೇತ) ಫೋನಿನದಕ್ಕೆ ತಾಳೆ ಆದ ಮೇಲೆ, ಚಿಕ್ಕಪ್ಪ. ಪುಟ್ಟ ಇವತ್ತು ರಾತ್ರಿ ಓಡಿಸಲಿ.