ಪದಚರ್ಚೆ: ರೋಗಿಯ ಎದೆಯ ಮೇಲೆ ಮಾಡುವ ‘ಪರ್ಕಷನ್’ಗೆ ಕನ್ನಡವೇನು? ಸೋಮವಾರದೊಳಗೆ ಬೇಕು

ಪ್ರಶ್ನೆ, ಮಂಡ್ಯದಿಂದ

ಬಳಗದವರಿಗೆ ನಮಸ್ಕಾರ. ಮಂಡ್ಯದಲ್ಲಿ ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಪಾಠ ಹೇಳುವವಳು ನಾನು. ಎದೆಯನ್ನು ಪರೀಕ್ಷಿಸುವ ಕ್ರಮ ತೋರಿಸುವ 12 ನಿಮಿಷದ ವಿಡಿಯೊ ಒಂದನ್ನು ಚಿತ್ರೀಕರಿಸಿಕೊಂಡಿದ್ದೇವೆ. ನಿರೂಪಣೆಯೂ ತೆರೆಯ ಮೇಲಿನ ಬರಹವೂ ಬಾಕಿ ಇವೆ. ಸೋಮವಾರ ಬೆಳಿಗ್ಗೆ ಧ್ವನಿಮುದ್ರಣ.

ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮೊಬೈಲಿನಲ್ಲಿ ಇಂಗ್ಲಿಷ್ ವಿಡಿಯೊಗಳನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರೆ. ಬೆರಳನ್ನು ಎಲ್ಲಿ ಇಡಬೇಕೆಂಬುದು ತಿಳಿಯುತ್ತದೆ, ಏಕೆ ಇಡಬೇಕೆಂಬುದು ತಲೆಗೆ ಇಳಿಯುವುದಿಲ್ಲ. ಆ ಕೊರತೆಯನ್ನು ನೀಗಿಸುವುದಕ್ಕಾಗಿಯೇ ಈ ಕೆಲಸ.

ಪರೀಕ್ಷೆಯ ನಾಲ್ಕು ಹಂತಗಳು ಇನ್‌ಸ್ಪೆಕ್ಷನ್, ಪಾಲ್ಪೇಷನ್, ಪರ್ಕಷನ್, ಆಸ್ಕಲ್ಟೇಷನ್. ನನ್ನ ಕೈಗೆ ಸಿಕ್ಕ ಪದಪಟ್ಟಿಯಲ್ಲಿ ಇವು ವೀಕ್ಷಣೆ, ಸ್ಪರ್ಶಪರೀಕ್ಷೆ, ಪರಿತಾಡನ, ಶ್ರವಣಪರೀಕ್ಷೆ ಎಂದಿವೆ. ‘ಪರಿತಾಡನ’ ಎಂದು ತರಗತಿಯಲ್ಲಿ ಹೇಳಿದೆ. ‘ತಾಡನ ಎಂದರೆ ಹೊಡೆಯುವುದಲ್ಲವೇ ಮೇಡಂ’ ಎಂದು ಒಬ್ಬಳು ಕೇಳಿದಳು. ‘ಬಡಿಯುವುದು’ ಎಂದು ಬದಲಿಸಿದೆ. ಮರುದಿನ ನೋಡಿದರೆ ಇನ್ನೊಬ್ಬಳು ಅದನ್ನು ಹೃದಯ ಬಡಿತದ ಲೆಕ್ಕವೆಂದು ಬರೆದುಕೊಂಡಿದ್ದಳು.

ಕ್ರಿಯೆ ಹೀಗಿದೆ: ಎಡಗೈಯ ನಡುಬೆರಳನ್ನು ರೋಗಿಯ ಎದೆಗೆ ಒತ್ತಿ ಹಿಡಿದು, ಅದರ ನಡುಗೆಣ್ಣಿನ ಮೇಲೆ ಬಲಗೈಯ ನಡುಬೆರಳಿನ ತುದಿಯಿಂದ ಮಣಿಕಟ್ಟು ಆಡಿಸಿ ಕುಟ್ಟುವುದು. ಕೆಳಗೆ ಗಾಳಿ ತುಂಬಿದ ಶ್ವಾಸಕೋಶವಿದ್ದರೆ ಒಂದು ಸದ್ದು, ನೀರು ನಿಂತಿದ್ದರೆ ಬೇರೆಯೇ ಸದ್ದು. ಆ ಎರಡು ಸದ್ದುಗಳಿಗೂ ಪದ ಬೇಕು.

ಇನ್ನೊಂದು ಸಂದೇಹ. ಎದೆಯ ಮೇಲೆ ಕೈಯಿಟ್ಟು ರೋಗಿಯಿಂದ ‘ನೈಂಟಿ ನೈನ್’ ಎನ್ನಿಸಿ ಒಳಗಿನ ಅದಿರಾಟವನ್ನು ಅಂಗೈಯಲ್ಲಿ ಅರಿಯುವ ಕ್ರಮವಿದೆ. ಕನ್ನಡದಲ್ಲಿ ‘ತೊಂಬತ್ತೊಂಬತ್ತು’ ಎನ್ನಿಸಬೇಕೇ?

ಉತ್ತರ, ಮೈಸೂರು, ಸರಸ್ವತೀಪುರಂ

ಪದ ಇದೆ, ನೀವೇ ಬರೆದಿದ್ದೀರಿ: ಪರಿತಾಡನ. ವಿದ್ಯಾರ್ಥಿನಿಗೆ ಅರ್ಥವಾಗದಿದ್ದರೆ ಅರ್ಥ ಹೇಳಿಕೊಡುವುದು ಅಧ್ಯಾಪಕರ ಕೆಲಸ, ಪದವನ್ನು ಬೀದಿಗೆ ಎಳೆಯುವುದಲ್ಲ. ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ಪರೀಕ್ಷಿಸಬೇಕೆಂದು ಆಯುರ್ವೇದ ಎಂದೋ ಹೇಳಿದೆ. ಕುಂಬಳ, ಸೋರೆ, ಸೌತೆಗಳ ಮೇಲೆ ಶಸ್ತ್ರ ಆಡಿಸಿ ಶಿಷ್ಯನ ಕೈ ಪಳಗಿಸಬೇಕೆಂದು ಸುಶ್ರುತಸಂಹಿತೆಯಲ್ಲಿದೆ. ಇಷ್ಟು ಸಂಪತ್ತು ಇರುವಾಗ ಹುಡುಕಾಟ ಏಕೆ?

ಪತ್ರದ ವಿಷಯವಲ್ಲದಿದ್ದರೂ ಹೇಳುತ್ತೇನೆ: ಊರೂರಿನ ಫಲಕಗಳಲ್ಲಿ ‘ಆರೋಗ್ಯ ತಪಾಸಣಾ ಶಿಬಿರ’ ಎಂದು ಬರೆಯುತ್ತಾರೆ. ತಪಾಸಣೆ ಮರಾಠಿಯಿಂದ ಬಂದ ಪದ. ಅದಕ್ಕೆ ಸಂಸ್ಕೃತದ ಆಕಾರಾಂತ ಹೇಗೆ ಬಂತು? ನಿಮ್ಮ ವಿಡಿಯೊದಲ್ಲಾದರೂ ಈ ತಪ್ಪು ಇರದಿರಲಿ.

ಉತ್ತರ, ಶ್ರೀರಂಗಪಟ್ಟಣ

ಪರಿತಾಡನ ಕನ್ನಡವಲ್ಲ, ಮುಗಿಯಿತು. ವಿಡಿಯೊಗೆ ‘ಎದೆ ಪರೀಕ್ಷೆ’ ಎಂದು ತಲೆಬರಹ ಕೊಟ್ಟರೆ ಅದೂ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದದ್ದು. ವ್ಯಾಕರಣಕಾರ ಕೇಶಿರಾಜ 13ನೆಯ ಶತಮಾನದಲ್ಲೇ ಬೇಡವೆಂದಿದ್ದಾನೆ. ವಿಡಿಯೊ ಎನ್ನುವ ಬದಲು ಓಡುತಿಟ್ಟ ಎನ್ನಿ. ಪರ್ಕಷನ್ನಿಗೆ ‘ಕುಟ್ಟರಿತ’ ಎನ್ನಿ. ಕುಟ್ಟಿ ಅರಿಯುವುದು ಕುಟ್ಟರಿತ, ಮುಟ್ಟಿ ಅರಿಯುವುದು ಮುಟ್ಟರಿತ. ಅನಸ್ತೇಷಿಯಾಕ್ಕೆ ‘ಅರಿವಳಿಕೆ’ ಬಂದಾಗಲೂ ಜನ ಮೂಗು ಮುರಿದಿರಬೇಕು. ಈಗ ಪತ್ರಿಕೆಗಳಲ್ಲಿ ಅದು ಸಲೀಸಾಗಿ ಓಡಾಡುತ್ತಿದೆ. ಅರಿವು ಅಳಿಯುವುದು ಅರಿವಳಿಕೆ: ಎಷ್ಟು ನೇರ, ಎಷ್ಟು ಚೆಲುವು!

ಉತ್ತರ, ಮದ್ದೂರು

ಅಕ್ಕನವರೇ, ನಮ್ಮೂರಿನ ಎಳನೀರು ಮಾರುಕಟ್ಟೆಗೆ ಒಮ್ಮೆ ಬನ್ನಿ. ಕಾಯಿಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬೆರಳ ಗೆಣ್ಣಿನಿಂದ ತಟ್ಟಿ, ನೀರು ಎಷ್ಟಿದೆ, ಗಂಜಿ ಕಟ್ಟಿದೆಯೇ ಎಂದು ಹೇಳುವವರು ಅಲ್ಲಿದ್ದಾರೆ. ಹಲಸಿನ ಹಣ್ಣನ್ನು, ಹೊಸ ಮಡಕೆಯನ್ನು ಕೊಳ್ಳುವಾಗ ನಾವೂ ಅದನ್ನೇ ಮಾಡುತ್ತೇವೆ. ಅದಕ್ಕೆ ನಾವೆಲ್ಲ ಅನ್ನುವುದು ‘ತಟ್ಟಿ ನೋಡುವುದು’. ಸದ್ದಿಗೆ ಟೊಳ್ಳು ಸದ್ದು, ಗಟ್ಟಿ ಸದ್ದು ಎನ್ನಿ. ಇಷ್ಟೇ.

ಉತ್ತರ, ಮೈಸೂರು, ಸರಸ್ವತೀಪುರಂ

‘ತಟ್ಟಿ ನೋಡುವುದು’ ಪದವಲ್ಲ, ವಾಕ್ಯದ ತುಂಡು. ಪಾರಿಭಾಷಿಕ ಪದ ನಾಮಪದವಾಗಿರಬೇಕು.

ಉತ್ತರ, ಮೈಸೂರು, ಕುವೆಂಪುನಗರ

ಎರಡು ದಿನದಿಂದ ಓದುತ್ತಿದ್ದೇನೆ. ಮದ್ದೂರಿನವರು ಎರಡು ಸಾಲಿನಲ್ಲಿ ಹೇಳಿದ ಮಾತನ್ನು ಯಾರೂ ಕೈಗೆತ್ತಿಕೊಳ್ಳದಿರುವುದು ಬೇಸರ ತಂದಿದೆ. ಈ ಚರ್ಚೆಯ ಬೀಗದ ಕೈ ಇರುವುದು ‘ತಟ್ಟು’ ಎಂಬಲ್ಲಿ ಅಲ್ಲ, ‘ನೋಡು’ ಎಂಬಲ್ಲಿ.

ನಮ್ಮ ‘ನೋಡು’ ಕಣ್ಣಿಗಷ್ಟೇ ಸೇರಿದ್ದಲ್ಲ. ಮೂಸಿ ನೋಡುತ್ತೇವೆ, ತಿಂದು ನೋಡುತ್ತೇವೆ, ಎತ್ತಿ ನೋಡುತ್ತೇವೆ, ಅಲ್ಲಾಡಿಸಿ ನೋಡುತ್ತೇವೆ. ಯಾವ ಇಂದ್ರಿಯದಿಂದ ಅರಿಯುತ್ತೇವೋ ಆ ಕ್ರಿಯೆಯ ಹಿಂದೆ ‘ನೋಡು’ ಬಂದು ನಿಂತರೆ ಅದು ಪರೀಕ್ಷೆಯಾಗುತ್ತದೆ. ಇಂಗ್ಲಿಷಿಗೆ ನಾಲ್ಕು ಲ್ಯಾಟಿನ್ ಹೆಸರುಗಳು ಬೇಕಾದ ಕಡೆ ಕನ್ನಡಕ್ಕೆ ಒಂದೇ ಕ್ರಿಯಾಪದ ಸಾಕು. ನಮ್ಮ ಮನೆಗಳಲ್ಲಿ ‘ಡಾಕ್ಟರು ಚೆನ್ನಾಗಿ ನೋಡಿದರು’ ಎಂದರೆ ಪರೀಕ್ಷೆಯಿಂದ ಚಿಕಿತ್ಸೆಯವರೆಗೆ ಎಲ್ಲವೂ ಅದರೊಳಗಿದೆ.

ಇದು ಬರಿಯ ಭಾಷೆಯ ಸೊಗಸಿನ ಮಾತಲ್ಲ. ಕಫ ಕಟ್ಟಿದ ರೋಗಿಯ ಬೆನ್ನನ್ನು ಬೊಗಸೆಯಂತೆ ಮಡಿಸಿದ ಅಂಗೈಯಿಂದ ತಟ್ಟುವುದು ಶುಶ್ರೂಷೆಯಲ್ಲಿ ಬೇರೆಯೇ ಕೆಲಸ; ಅದು ಕಫ ಸಡಿಲಿಸುವ ಚಿಕಿತ್ಸೆ. ತೆರೆಯ ಮೇಲೆ ‘ಬೆನ್ನನ್ನು ತಟ್ಟಿ’ ಎಂದಷ್ಟೇ ಬರೆದರೆ ಹುಡುಗಿಯರು ಅದನ್ನೇ ಮಾಡಿಯಾರು. ‘ಬೆನ್ನನ್ನು ತಟ್ಟಿ ನೋಡಿ’ ಎಂದರೆ ಗೊಂದಲವಿಲ್ಲ. ‘ನೋಡು’ ಬಿಟ್ಟರೆ ಚಿಕಿತ್ಸೆ, ಸೇರಿಸಿದರೆ ಪರೀಕ್ಷೆ. ನಾಮಪದವೇ ಬೇಕೆನ್ನುವ ಸರಸ್ವತೀಪುರಂನ ಹಿರಿಯರಿಗೆ ನನ್ನ ವಿನಂತಿ: ನಿಘಂಟಿಗೆ ನಾಮಪದ ಬೇಕು, ನಿಜ. ಆದರೆ ಬೆರಳಾಡಿಸುವುದನ್ನು ತೋರಿಸುವ ವಿಡಿಯೊಗೆ ಬೇಕಾದದ್ದು ಕ್ರಿಯಾಪದ.

ಪರ್ಕಷನ್ ಹುಟ್ಟಿದ್ದೂ ಮದ್ದೂರಿನವರು ಹೇಳಿದಂಥ ಲೋಕದಲ್ಲೇ. ಇದನ್ನು ಶಾಸ್ತ್ರವಾಗಿ ಬರೆದ ಆಸ್ಟ್ರಿಯಾದ ವೈದ್ಯ ಆವೆನ್‌ಬ್ರುಗರ್ ಒಬ್ಬ ಛತ್ರದವನ ಮಗ. ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ತುಂಬಿದೆ ಎಂದು ತಿಳಿಯುವುದನ್ನು ಕಂಡು ಅವನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಅವನ ಪುಸ್ತಕ 1761ರಲ್ಲಿ ವಿಯೆನ್ನಾದಲ್ಲಿ ಲ್ಯಾಟಿನ್ನಿನಲ್ಲಿ ಬಂತು, ಹೆಚ್ಚಿನವರು ಕಿವಿಗೊಡಲಿಲ್ಲ. 1808ರಲ್ಲಿ ಪ್ಯಾರಿಸ್ಸಿನ ಕೊರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆ ವೈದ್ಯರ ಬೆರಳುಗಳು ಎದ್ದವು. ಜನ ಓದುವ ಭಾಷೆಗೆ ಬಂದಾಗ ವಿದ್ಯೆಗೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಆಸ್ಕಲ್ಟೇಷನ್ನಿಗೆ ‘ಕೇಳಿ ನೋಡಿ’ ಎನ್ನಬೇಡಿ. ಕನ್ನಡದಲ್ಲಿ ಕೇಳುವುದೆಂದರೆ ಪ್ರಶ್ನಿಸುವುದೂ ಹೌದು. ರೋಗಿಯ ಕಷ್ಟವನ್ನು ಕೇಳುವ ಹಂತ ಮೊದಲೇ ಬರುತ್ತದೆ. ‘ಶ್ರವಣಪರೀಕ್ಷೆ’ಯಂತೂ ಸಲ್ಲದು. ವಾಕ್ ಶ್ರವಣ ಸಂಸ್ಥೆ 1965ರಿಂದ ಇರುವ ಮೈಸೂರಿನಲ್ಲಿ ಶ್ರವಣಪರೀಕ್ಷೆ ಎಂದರೆ ರೋಗಿಯ ಕಿವಿ ಕೇಳುತ್ತದೆಯೇ ಎಂದು ನೋಡುವುದು. ಇಲ್ಲಿ ಕೇಳಬೇಕಾದದ್ದು ಪರೀಕ್ಷಿಸುವವರ ಕಿವಿ. ‘ಆಲಿಸಿ ನೋಡಿ’ ಎನ್ನಿ. ಆಲಿ ಎಂದರೆ ಕಣ್ಣಗುಡ್ಡೆ, ಆದ್ದರಿಂದ ಆಲಿಸು ಕಣ್ಣಿಗೆ ಸೇರಿದ್ದು ಎಂದು ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ: ತೆಲುಗಿನಲ್ಲಿ ‘ಆಲಕಿಂಚು’ ಇದೆ, ಅದೂ ಕಿವಿಗೊಡುವುದೇ. ಆ ಜಗಳ ಇಲ್ಲಿ ಬೇಡ.

ಮದ್ದೂರಿನವರ ‘ಗಟ್ಟಿ ಸದ್ದು’ ಮಾತ್ರ ಅಪಾಯ. ಗಟ್ಟಿಯಾಗಿ ಮಾತಾಡು ಎಂದರೆ ಜೋರಾಗಿ ಮಾತಾಡು ಎಂದು. ನೀರು ತುಂಬಿದ ಕಡೆ ಬರುವ ಸದ್ದು ಅದಕ್ಕೆ ತೀರಾ ವಿರುದ್ಧ, ಗೋಡೆಯ ಮೇಲೆ ತಟ್ಟಿದಂತೆ ಅಡಗಿಹೋಗುವಂಥದ್ದು. ‘ಮಂದ ಸದ್ದು’ ಎನ್ನಿ. ‘ಟೊಳ್ಳು ಸದ್ದು’ ಇರಲಿ, ಆದರೆ ರೋಗಿಯ ಎದುರು ಆಡಬೇಡಿರೆಂದು ಹುಡುಗಿಯರಿಗೆ ಹೇಳಿ. ‘ನಿಮ್ಮ ಎದೆ ಟೊಳ್ಳು’ ಎಂದರೆ ಯಾರಿಗಾದರೂ ಜೀವ ನಡುಗುತ್ತದೆ.

ಇನ್ನು ತೊಂಬತ್ತೊಂಬತ್ತು. ದಯವಿಟ್ಟು ಅನುವಾದ ಮಾಡಬೇಡಿ. ಅಲ್ಲಿ ಬೇಕಾದದ್ದು ಸಂಖ್ಯೆಯಲ್ಲ, ಕಂಪನ. ಜರ್ಮನ್ ವೈದ್ಯರೂ ತಮ್ಮ ಭಾಷೆಯಲ್ಲಿ ತೊಂಬತ್ತೊಂಬತ್ತನ್ನೇ ಹೇಳಿಸುತ್ತಾರೆ, ಆದರೆ ಆ ಪದದ ನಾದವೇ ಬೇರೆ. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಅದಿರಾಟ ಒಂದೇ ಆಗುವುದಿಲ್ಲ. ನಮ್ಮ ತೊಂಬತ್ತೊಂಬತ್ತಿನ ನಡುವೆ ಎರಡು ‘ತ್ತ’ಗಳು ಬಂದು ದನಿಯನ್ನು ಕಡಿಯುತ್ತವೆ. ‘ಒಂದು, ಒಂದು, ಒಂದು’ ಎನ್ನಿಸಿ. ಸ್ವರವೂ ಅನುನಾಸಿಕವೂ ‘ದ’ಕಾರವೂ ಎಲ್ಲವೂ ನಾದವುಳ್ಳವು, ಎದೆಗೂಡಿನಲ್ಲಿ ಗುಂಯ್‌ಗುಡುತ್ತವೆ. ಎಣಿಕೆ ಬಾರದ ಅಜ್ಜಿಯೂ ಹೇಳಬಲ್ಲರು.

ಉತ್ತರ, ಮಂಡ್ಯ (ವೃತ್ತಿಯಿಂದ ವೈದ್ಯ)

ಎಲ್ಲರ ಉತ್ಸಾಹಕ್ಕೂ ಗೌರವ. ಆದರೆ ಆಸ್ಪತ್ರೆಯಲ್ಲಿ ನಾವು ಆಡುವುದು ಪರ್ಕಷನ್ ಎಂದೇ. ರೋಗಿಯ ಕಡತದಲ್ಲಿ ಬರೆಯುವುದೂ ಅದನ್ನೇ, ಮೌಖಿಕ ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ಈ ಹುಡುಗಿಯರಿಗೆ ತಟ್ಟಿ ನೋಡುವುದಷ್ಟೇ ಗೊತ್ತಿದ್ದು ಪರ್ಕಷನ್ ಎಂಬ ಪದ ಗೊತ್ತಿಲ್ಲದಿದ್ದರೆ ವಾರ್ಡಿನಲ್ಲಿ ಅವರಿಗೆ ಅವಮಾನವಾಗುತ್ತದೆ. ಎರವಲು ಪದವೆಂದರೆ ಇಷ್ಟು ಭಯವೇಕೆ? ಬಸ್ಸು, ರೈಲು, ಡಾಕ್ಟರು ನಮ್ಮವಾಗಲಿಲ್ಲವೇ?

ಉತ್ತರ, ಶ್ರೀರಂಗಪಟ್ಟಣ

ಬಸ್ಸಿನ ಮಾತು ಪ್ರತಿ ಸಲವೂ ಬರುತ್ತದೆ. ಬಸ್ಸು ವಸ್ತು, ಅದು ಹೆಸರಿನೊಂದಿಗೇ ಊರಿಗೆ ಬಂತು. ತಟ್ಟುವುದು ನಮ್ಮ ಬೆರಳಿನ ಕೆಲಸ. ಬೆರಳು ನಮ್ಮದು, ಸದ್ದು ನಮ್ಮದು, ಹೆಸರು ಮಾತ್ರ ಹೊರಗಿನದೇ? ‘ಹೊಲಿಗೆ ಹಾಕಿದರು’, ‘ಎದೆಯ ನೀರು ತೆಗೆದರು’ ಎಂಬ ಮಾತುಗಳನ್ನು ಯಾವ ಸಮಿತಿಯೂ ಕೂತು ಮಾಡಲಿಲ್ಲ. ಮತ್ತೆ, ‘ಮಂದ ಸದ್ದು’ ಕಲಬೆರಕೆ. ನನ್ನ ಆಕ್ಷೇಪ ದಾಖಲಾಗಲಿ.

ಉತ್ತರ, ಮೈಸೂರು, ಸರಸ್ವತೀಪುರಂ

ಬೆರಳು ನಿಮ್ಮದೆಂದು ಶಾಸ್ತ್ರ ನಿಮ್ಮದಾಗುವುದಿಲ್ಲ. ಆದರೂ ಶ್ರವಣಪರೀಕ್ಷೆಯ ಬಗ್ಗೆ ಕುವೆಂಪುನಗರದವರು ಹೇಳಿದ್ದು ಸರಿ. ಆ ಒಂದು ಪದವನ್ನು ಬಿಟ್ಟುಕೊಡುತ್ತೇನೆ.

ಪ್ರಶ್ನೆ ಕೇಳಿದವರಿಂದ, ಮಂಡ್ಯ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಧ್ವನಿಮುದ್ರಣ ಮುಗಿಯಿತು. ನಿರೂಪಣೆಯಲ್ಲಿ ಗಮನಿಸಿ ನೋಡಿ, ಮುಟ್ಟಿ ನೋಡಿ, ತಟ್ಟಿ ನೋಡಿ, ಆಲಿಸಿ ನೋಡಿ ಎಂದಿದ್ದೇವೆ. ವೈದ್ಯರು ಹೇಳಿದ್ದನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ. ತೆರೆಯ ಕೆಳಗೆ ಪರ್ಕಷನ್ ಮುಂತಾದ ಹೆಸರುಗಳು ಕನ್ನಡ ಲಿಪಿಯಲ್ಲಿ ಚಿಕ್ಕದಾಗಿ ಬರುತ್ತವೆ. ಟೊಳ್ಳು ಸದ್ದು, ಮಂದ ಸದ್ದುಗಳನ್ನು ಒಂದರ ಹಿಂದೆ ಒಂದು ಕೇಳಿಸಿ, ಮೂರು ಸಲ ತಿರುಗಿ ಹಾಕಿದ್ದೇವೆ. ಸ್ಪೀಕರಿಗಿಂತ ಇಯರ್‌ಫೋನಿನಲ್ಲಿ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

‘ಒಂದು, ಒಂದು’ ಎನ್ನಿಸುವ ಭಾಗದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಅಂಗೈಗೆ ತಾಕುವ ಅದಿರಾಟವನ್ನು ಯಾವ ತೆರೆಯೂ ದಾಟಿಸುವುದಿಲ್ಲ. ಅಲ್ಲಿಗೆ ಬಂದಾಗ ವಿಡಿಯೊ ನಿಲ್ಲಿಸಿ, ಪಕ್ಕದವಳ ಬೆನ್ನಿನ ಮೇಲೆ ಕೈಯಿಟ್ಟು ಮಾಡಿ ನೋಡಿರೆಂದು ಬರೆಸಿದ್ದೇನೆ. ನಿನ್ನೆ ತರಗತಿಯಲ್ಲಿ ನಲವತ್ತು ಜನ ಒಟ್ಟಿಗೆ ‘ಒಂದು, ಒಂದು’ ಎನ್ನುತ್ತಿದ್ದರು.

ಮುಂದಿನ ವಿಡಿಯೊ ಹೊಟ್ಟೆಯದು. ಅಲ್ಲಿ ಕ್ರಮ ಬೇರೆ: ಒತ್ತಿದರೆ ಕರುಳಿನ ಸದ್ದು ಬದಲಾಗಬಹುದಾದ್ದರಿಂದ ಮೊದಲು ಆಲಿಸಿ, ಆಮೇಲೆ ತಟ್ಟಿ, ಕೊನೆಗೆ ಒತ್ತಿ ನೋಡಬೇಕು. ಮೆಲ್ಲಗೆ ಒತ್ತುವುದಕ್ಕೂ ಆಳವಾಗಿ ಒತ್ತುವುದಕ್ಕೂ ಎರಡು ಬೇರೆ ಕ್ರಿಯಾಪದಗಳು ಬೇಕಾಗಿವೆ. ‘ಅದುಮು’ ಎಂಬುದು ಆಳಕ್ಕೆ ಸರಿಹೋದೀತೇ, ಅಥವಾ ನೋಯಿಸುವ ಅರ್ಥ ಬಂದೀತೇ? ಈ ಸಲ ಹದಿನೈದು ದಿನಗಳ ಸಮಯವಿದೆ.